ಬಲೆಯ ಕಣ್ಣು, ಕಾಯಿದೆಯ ಕಣ್ಣು

ಅರಾಜಕತೆಗೆ ನಮ್ಮ ಹಿರಿಯರು ಕೊಟ್ಟ ಹೆಸರು ಮತ್ಸ್ಯನ್ಯಾಯ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವಂತೆ ಬಲ್ಲಿದನು ಬಡವನನ್ನು ನುಂಗುವ ಸ್ಥಿತಿಯದು. ಅದು ಬಾರದಿರಲೆಂದೇ ಅರಸನಿರುವುದು, ಅವನ ಕೈಯಲ್ಲಿ ದಂಡವಿರುವುದು ಎಂಬುದು ಕೌಟಿಲ್ಯನ ಮತ. ಮಹಾಭಾರತದ ಶಾಂತಿಪರ್ವದ ಮತವೂ ಅದೇ. ನೀರಿನಿಂದ ಈ ಉಪಮೆಯನ್ನು ಎತ್ತಿಕೊಂಡ ರಾಜ್ಯವು ಇಂದು ಮರಳಿ ನೀರಿಗೇ ಇಳಿದಿದೆ ಎಂಬುದು ಒಂದು ವಿನೋದ. ಸಣ್ಣ ಮೀನನ್ನು ಹಿಡಿಯಬೇಡ, ಬಲೆಯ ಕಣ್ಣು ಇಷ್ಟಕ್ಕಿಂತ ಕಿರಿದಾಗಬಾರದು, ಮೊಟ್ಟೆಯಿಡುವ ದಿನಗಳಲ್ಲಿ ಬಲೆ ಬೀಸಬೇಡ ಎಂದು ಅದು ಬೆಸ್ತನಿಗೆ ಹೇಳುತ್ತಿದೆ. ಬೆಸ್ತನು ಕೆಲವೊಮ್ಮೆ ಕೇಳುತ್ತಾನೆ, ಕೆಲವೊಮ್ಮೆ ಕೇಳುವುದಿಲ್ಲ. ಏಕೆ ಕೇಳುತ್ತಾನೆ, ಏಕೆ ಕೇಳುವುದಿಲ್ಲ ಎಂಬುದು ಮೀನುಗಾರಿಕೆ ಇಲಾಖೆಯವರು ಮಾತ್ರ ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆಯೆಂದು ತೋರಬಹುದು. ಆದರೆ ತುಸು ಆಳಕ್ಕಿಳಿದರೆ ಅದು ನಮ್ಮೆಲ್ಲರ ಪ್ರಶ್ನೆಯೇ ಆಗಿದೆ: ಯಾರೂ ನೋಡದಿರುವಾಗ ಮನುಷ್ಯನು ಕಟ್ಟಳೆಯನ್ನು ಏಕೆ ಪಾಲಿಸಬೇಕು?

ಈ ಪ್ರಶ್ನೆಯನ್ನು ಗಾಳಿಯಲ್ಲಿಟ್ಟು ಚರ್ಚಿಸುವುದಕ್ಕಿಂತ ಒಂದು ನದಿಯ ದಂಡೆಯಲ್ಲಿಟ್ಟು ನೋಡುವುದು ಲೇಸು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕಿತ್ತೂರು, ಬೈಲಹೊಂಗಲಗಳ ಸೀಮೆಯನ್ನು ಹಾದು, ಸವದತ್ತಿ ತಾಲೂಕಿನ ಮುನವಳ್ಳಿಯ ಹತ್ತಿರ ನವಿಲುತೀರ್ಥದ ಬೆಟ್ಟಗಳ ಸಂದಿಯನ್ನು ದಾಟಿ, ರಾಮದುರ್ಗವನ್ನು ಬಳಸಿ, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನವಿಲುತೀರ್ಥದಲ್ಲಿ 1970ರ ದಶಕದ ಮೊದಲಲ್ಲಿ ಅಣೆಕಟ್ಟು ಎದ್ದ ಮೇಲೆ ಅಲ್ಲಿ ಸುಮಾರು 37 ಟಿ.ಎಂ.ಸಿ. ನೀರು ಹಿಡಿಯಬಲ್ಲ ರೇಣುಕಾಸಾಗರ ಹರಡಿತು. ಸವದತ್ತಿಯ ಗುಡ್ಡದ ಎಲ್ಲಮ್ಮನಿಗೆ ರೇಣುಕೆಯೆಂಬ ಹೆಸರೂ ಇರುವುದರಿಂದ ಸಾಗರಕ್ಕೂ ಆ ಹೆಸರೇ ನಿಂತಿತು. ಗುಡ್ಡಕ್ಕೆ ಬರುವ ಲಕ್ಷಾಂತರ ಭಕ್ತರಿಗೆ ಅದು ಪುಣ್ಯದ ನೀರು. ಹೊಲದವನಿಗೆ ಕಾಲುವೆಯ ನೀರು. ಹುಬ್ಬಳ್ಳಿ ಧಾರವಾಡದವರಿಗೆ ನಲ್ಲಿಯ ನೀರು. ದಂಡೆಯ ಅಂಬಿಗನಿಗೆ ಅದು ಮೀನಿನ ನೀರು. ಈ ನಾಲ್ವರಲ್ಲಿ ಕೊನೆಯವನನ್ನು ಕೇಳಿ ಯಾರೂ ಅಣೆಕಟ್ಟು ಕಟ್ಟಲಿಲ್ಲ; ಅವನನ್ನು ಕೇಳಿ ಯಾರೂ ತೂಬು ತೆರೆಯುವುದೂ ಇಲ್ಲ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಬಲೆಯ ಎರಡು ಗಂಟುಗಳ ನಡುವಿನ ತೆರಪಿಗೆ ಕನ್ನಡದಲ್ಲಿ ಕಣ್ಣು ಎಂದೇ ಹೆಸರು. ನೀರಿನಲ್ಲಿ ಗೋಡೆಯಂತೆ ಇಳಿಬಿಡುವ ಬಲೆಯ ಕೆಲಸವೆಲ್ಲ ಆ ಕಣ್ಣಿನಲ್ಲಿದೆ. ಮೀನು ತಲೆ ತೂರಿಸುತ್ತದೆ, ಮೈ ತೂರುವುದಿಲ್ಲ. ಹಿಂದಕ್ಕೆ ಬರಲು ನೋಡಿದರೆ ನೂಲು ಕಿವಿರಿಗೆ ಸಿಕ್ಕಿಕೊಳ್ಳುತ್ತದೆ. ಕಣ್ಣಿಗಿಂತ ಚಿಕ್ಕ ಮೀನು ಪಾರಾಗಿ ಹೋಗುತ್ತದೆ, ಬಹಳ ದೊಡ್ಡದು ಮೂಗು ತಾಗಿಸಿ ತಿರುಗುತ್ತದೆ. ಎಂದ ಮೇಲೆ ಕಣ್ಣಿನ ಅಳತೆಯನ್ನು ಗೊತ್ತುಮಾಡುವುದೆಂದರೆ ಯಾವ ವಯಸ್ಸಿನ ಮೀನು ಸಾಯಬೇಕು, ಯಾವುದು ಬದುಕಬೇಕು ಎಂದು ಗೊತ್ತುಮಾಡಿದಂತೆಯೇ. ಜಲಾಶಯಗಳಲ್ಲಿ ಈ ಅಳತೆಗೆ ಇನ್ನೂ ಒಂದು ಅರ್ಥವಿದೆ. ಕಾಟ್ಲಾ, ರೋಹು, ಮೃಗಾಲ್ ಎಂಬ ಮೀನುಗಳು ಗಂಗಾ ಪ್ರದೇಶದವು. ಹರಿಯುವ ನೀರಿಲ್ಲದೆ ಅವು ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. ಇಲಾಖೆಯವರು ಬೆರಳುದ್ದದ ಮರಿಗಳನ್ನು ತಂದು ನೀರಿಗೆ ಬಿಡಬೇಕು. ಆ ಮರಿ ಕಿಲೋ ತೂಗುವ ಮೊದಲೇ ಕಿರುಗಣ್ಣಿನ ಬಲೆಗೆ ಸಿಕ್ಕರೆ ಹೋದದ್ದು ಮೀನು ಮಾತ್ರವಲ್ಲ, ಬಿತ್ತಿದ ಬೀಜ.

ನೀರಿನ ಮೇಲಿನ ಇಂಥ ಆಜ್ಞೆಗಳು ಹೊಸವಲ್ಲ. ಈಗ ದೆಹಲಿಯಲ್ಲಿ ನಿಂತಿರುವ ಅಶೋಕನ ಸ್ತಂಭದ ಐದನೆಯ ಶಾಸನವು ವರ್ಷದ ಕೆಲವು ಗೊತ್ತಾದ ದಿನಗಳಲ್ಲಿ ಮೀನನ್ನು ಕೊಲ್ಲಬಾರದು, ಮಾರಲೂ ಬಾರದು ಎಂದು ವಿಧಿಸುತ್ತದೆ. ಆಂಗ್ಲರ ಕಾಲದಲ್ಲಿ 1897ರ ಮೀನುಗಾರಿಕೆ ಕಾಯಿದೆ ಬಂದಿತು. ಮದ್ದು ಸಿಡಿಸಿ ಮೀನು ಕೊಲ್ಲುವುದು, ನೀರಿಗೆ ವಿಷ ಬೆರೆಸುವುದು ಇವೆರಡನ್ನೂ ಅದು ಅಪರಾಧವೆಂದು ಸಾರಿತು. ಬಲೆಯ ಬಗೆ, ಕಣ್ಣಿನ ಅಳತೆ, ಹಿಡಿಯಬಾರದ ಕಾಲ ಇವುಗಳ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ಪ್ರಾಂತ ಸರಕಾರಗಳಿಗೆ ಬಿಟ್ಟಿತು. ಆ ನಿಯಮಗಳನ್ನು ಮೀರಿದವನಿಗೆ ಅದು ಗೊತ್ತುಮಾಡಿದ ಹೆಚ್ಚಿನ ದಂಡ ನೂರು ರೂಪಾಯಿ. 1897ರಲ್ಲಿ ನೂರು ರೂಪಾಯಿ ಎಂದರೆ ಒಂದು ಸಂಸಾರ ಮುಳುಗುವಷ್ಟು. ನೂರು ವರ್ಷ ಕಳೆಯುವುದರೊಳಗೆ ಅದು ಒಂದು ಬುಟ್ಟಿ ಮೀನಿನ ಬೆಲೆಗಿಂತ ಕಡಿಮೆಯಾಗಿತ್ತು. ಆಮೇಲೆ ಕರ್ನಾಟಕವು ತನ್ನ ಸಮುದ್ರಕ್ಕೆ 1986ರ ಕಾಯಿದೆಯನ್ನೂ ಒಳನಾಡಿನ ನೀರಿಗೆ 1996ರ ಕಾಯಿದೆಯನ್ನೂ ಮಾಡಿಕೊಂಡಿತು. ಹೀಗೆ ಕಾಯಿದೆಗೆ ಕೊರತೆಯಿಲ್ಲ. ಆದರೂ ಕಿರುಗಣ್ಣಿನ ಬಲೆ ನೀರಿಗಿಳಿಯುತ್ತಲೇ ಇದೆ.

ಮೊದಲು ನಮಗೆ ತೋಚುವ ಉತ್ತರ, ಬೆಸ್ತನಿಗೆ ತಿಳಿವಳಿಕೆಯಿಲ್ಲ ಎಂಬುದು. ಓದಿದವರಿಗೆ ಬಹಳ ಹಿತವಾದ ಉತ್ತರವಿದು. ಏಕೆಂದರೆ ತಿಳಿವಳಿಕೆ ಕೊಡುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ಆದರೆ ಇದು ನಿಲ್ಲುವ ಉತ್ತರವಲ್ಲ. ಯಾವ ಮಳೆಗೆ ಯಾವ ಮೀನು ಮೇಲ್ನೀರಿಗೆ ಏರುತ್ತದೆ, ಯಾವ ಮಡುವಿನಲ್ಲಿ ಬಾಳೆಮೀನು ಮಲಗುತ್ತದೆ, ಯಾವ ತಿಂಗಳಲ್ಲಿ ಗೆಂಡೆಯ ಹೊಟ್ಟೆಯಲ್ಲಿ ತತ್ತಿ ತುಂಬುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೀಜದ ಜೋಳವನ್ನು ಬೀಸಿ ಉಂಡರೆ ಮುಂದಿನ ವರ್ಷ ಏನಾಗುತ್ತದೆಂದು ಒಕ್ಕಲಿಗನಿಗೆ ಹೇಗೆ ಗೊತ್ತೋ, ಮರಿಮೀನು ಬಾಚಿದರೆ ಏನಾಗುತ್ತದೆಂದು ಬೆಸ್ತನಿಗೆ ಹಾಗೆಯೇ ಗೊತ್ತು. ಬರಗಾಲದಲ್ಲಿ ಬೀಜದ ಜೋಳವನ್ನು ಉಂಡ ಒಕ್ಕಲಿಗನನ್ನು ನಾವು ಅಜ್ಞಾನಿ ಎನ್ನುವುದಿಲ್ಲವಷ್ಟೆ.

ಎರಡನೆಯ ಉತ್ತರ ಲೆಕ್ಕದ ಉತ್ತರ. ಮೀರಿದರೆ ಬರುವ ಲಾಭ ಎಷ್ಟು, ಸಿಕ್ಕಿಬೀಳುವ ಸಂಭವ ಎಷ್ಟು, ಸಿಕ್ಕರೆ ತೆರುವ ದಂಡ ಎಷ್ಟು ಎಂದು ಮನುಷ್ಯನು ತೂಗಿ ನೋಡುತ್ತಾನೆ ಎಂದು 1968ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಬರೆದನು. ಈ ಲೆಕ್ಕದ ಪ್ರಕಾರ ದಂಡ ಏರಿಸಬೇಕು, ಕಾವಲು ಹೆಚ್ಚಿಸಬೇಕು, ಅಷ್ಟಾದರೆ ಸಾಕು. ಇದರಲ್ಲಿ ನಿಜವಿದೆ. ಬಲೆಯು ನೀರಿನ ಕೆಳಗಿರುವ ವಸ್ತು. ರಾತ್ರಿ ಇಳಿಯುತ್ತದೆ, ನಸುಕಿಗೆ ಮೇಲೆ ಬರುತ್ತದೆ. ನೀರಿನಲ್ಲಿರುವ ಮೀನು ಯಾವಾಗ ನೀರು ಕುಡಿಯಿತೆಂದು ತಿಳಿಯಲಾಗದಂತೆ ಅಧಿಕಾರಿಯು ಯಾವಾಗ ಹಣ ತಿಂದನೆಂದು ತಿಳಿಯಲಾಗದು ಎಂಬ ಅರ್ಥದ ಮಾತು ಕೌಟಿಲ್ಯನಲ್ಲಿದೆ. ಮೀನು ಹಿಡಿಯುವವನ ಬಲೆಗೂ ಆ ಮಾತು ಒಪ್ಪುತ್ತದೆ. ಹರವಾದ ಒಂದು ಜಲಾಶಯವನ್ನು ಒಬ್ಬಿಬ್ಬರು ನೌಕರರು ದಂಡೆಯ ಮೇಲೆ ನಿಂತು ಕಾಯುವುದೆಂದರೆ ಆಕಾಶಕ್ಕೆ ಬೇಲಿ ಹಾಕಿದಂತೆ.

ಆದರೆ ಈ ಲೆಕ್ಕ ಪೂರ್ತಿ ನಿಜವಾಗಿದ್ದರೆ ಎಲ್ಲರೂ ಮೀರಬೇಕಾಗಿತ್ತು. ಕಾವಲು ಇಷ್ಟು ತೆಳುವಾಗಿ, ದಂಡ ಇಷ್ಟು ಹಗುರವಾಗಿದ್ದೂ ಬಹುಮಂದಿ ಬಹುಸಲ ಕಟ್ಟಳೆಯೊಳಗೇ ಇರುತ್ತಾರೆ ಎಂಬುದೇ ವಿಸ್ಮಯದ ಸಂಗತಿ. ಮಲೇಷಿಯಾದ ಬೆಸ್ತರನ್ನು ಕುರಿತು ಕುಪೇರನ್, ಸುಟಿನೆನ್ ಎಂಬ ವಿದ್ವಾಂಸರು 1998ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಎತ್ತಿ ತೋರಿಸಿತು: ಭಯವೂ ಲಾಭವೂ ಕೆಲಸ ಮಾಡುತ್ತವೆ, ಅವುಗಳ ಜೊತೆಗೆ, ಇದು ಸರಿಯೆ ಎಂಬ ಒಳಮನಸ್ಸಿನ ಮಾತೂ, ಈ ನಿಯಮ ಮಾಡಿದವರು ನ್ಯಾಯವಾಗಿ ನಡೆಯುತ್ತಾರೆಯೆ ಎಂಬ ಎಣಿಕೆಯೂ ಕೆಲಸ ಮಾಡುತ್ತವೆ. ಮನುಷ್ಯನನ್ನು ಬರಿಯ ತಕ್ಕಡಿಯೆಂದು ತಿಳಿದರೆ ಅವನ ಅರ್ಧ ಭಾಗ ಲೆಕ್ಕದಿಂದ ಹೊರಗೆ ಉಳಿಯುತ್ತದೆ.

ನಮ್ಮ ಕರಾವಳಿಯಲ್ಲೇ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಸಮುದ್ರಕ್ಕಿಳಿಯಬಾರದೆಂದು ನಿಷೇಧವಿದೆ. ಮಂಗಳೂರು, ಮಲ್ಪೆ, ಕಾರವಾರಗಳಲ್ಲಿ ಇದು ಬಹುಮಟ್ಟಿಗೆ ಪಾಲನೆಯಾಗುತ್ತದೆ. ಅದೇ ಕರಾವಳಿಯಲ್ಲಿ, ರಾತ್ರಿ ಪ್ರಖರ ದೀಪ ಹಚ್ಚಿ ಮೀನನ್ನು ಸೆಳೆದು ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿದ ಮೇಲೂ ಅದು ನಿಲ್ಲಲಿಲ್ಲವೆಂದು ನಾಡದೋಣಿಯವರು ಮತ್ತೆ ಮತ್ತೆ ದೂರುತ್ತಾ ಬಂದಿದ್ದಾರೆ. ಜನ ಅವರೇ, ಸಮುದ್ರವೂ ಅದೇ. ಒಂದು ಕಟ್ಟಳೆ ನಿಂತಿತು, ಇನ್ನೊಂದು ಜಾರಿತು. ಕಾರಣ ಸ್ಪಷ್ಟವಾಗಿದೆ. ಮಳೆಗಾಲದ ನಿಷೇಧದಲ್ಲಿ ಎಲ್ಲರ ದೋಣಿಯೂ ಒಂದೇ ದಿನ ಬಂದರಿನಲ್ಲಿ ಕಟ್ಟಿ ನಿಲ್ಲುತ್ತದೆ. ನನ್ನದು ನಿಂತಿರುವಾಗ ನೆರೆಯವನದೂ ನಿಂತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ದೀಪದ ಬೇಟೆಯೂ ಬಲೆಯ ಕಣ್ಣೂ ಹಾಗಲ್ಲ. ನಾನು ಬಿಟ್ಟದ್ದನ್ನು ಅವನು ಹಿಡಿದನೋ ಇಲ್ಲವೋ ಎಂಬ ಅನುಮಾನ ರಾತ್ರಿಯೆಲ್ಲ ಕಾಡುತ್ತದೆ.

ಇದೇ ಮೂರನೆಯ ಉತ್ತರ, ಹಾಗೂ ನನ್ನ ಮಟ್ಟಿಗೆ ಇವುಗಳಲ್ಲಿ ಹೆಚ್ಚು ತೂಕದ್ದು. ಮನುಷ್ಯನು ತ್ಯಾಗಕ್ಕೆ ಅಂಜುವುದಿಲ್ಲ. ತಾನೊಬ್ಬನೇ ಪೆದ್ದನಾಗುವುದಕ್ಕೆ ಅಂಜುತ್ತಾನೆ. ನಾನು ಬಿಟ್ಟ ಮರಿ ಬೆಳೆದು ನಾಳೆ ನನ್ನ ಬಲೆಗೇ ಬರುವುದಾದರೆ ಬಿಡುತ್ತೇನೆ. ಕೊನೆಯ ಪಕ್ಷ ನಮ್ಮೂರವರ ಬಲೆಗೆ ಬರುವುದಾದರೂ ಬಿಡುತ್ತೇನೆ. ಆದರೆ ಇದೇ ರಾತ್ರಿ ಆಚೆ ದಂಡೆಯವನ ಬುಟ್ಟಿ ಸೇರುವುದಾದರೆ ಬಿಡುವುದೇಕೆ? ಎಲ್ಲರ ಸೊತ್ತಾದ ಹುಲ್ಲುಗಾವಲು ಹೀಗೆಯೇ ಹಾಳಾಗುತ್ತದೆಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದ ಲೇಖನ ಪ್ರಸಿದ್ಧವಾಗಿದೆ. ಅವನು ಕಂಡ ದಾರಿ ಎರಡೇ: ಒಂದೋ ಅದು ಸರಕಾರದ್ದಾಗಬೇಕು, ಇಲ್ಲವೇ ಒಬ್ಬೊಬ್ಬನಿಗೆ ಹಂಚಿಹೋಗಬೇಕು.

ಮೂರನೆಯ ದಾರಿಯುಂಟೆಂದು ಎಲಿನಾರ್ ಆಸ್ಟ್ರಮ್ ಎಂಬ ವಿದುಷಿ 1990ರ ತನ್ನ ಗ್ರಂಥದಲ್ಲಿ ಲೋಕದ ನಾನಾ ಕಡೆಯ ಊರುಗಳನ್ನು ಸಾಕ್ಷಿಗೆ ಕರೆದು ತೋರಿಸಿದಳು. 2009ರಲ್ಲಿ ಆಕೆಗೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಬಂದಿತು. ತುರ್ಕಿಯ ಅಲಾನ್ಯ ಎಂಬ ಊರಿನ ಬೆಸ್ತರದು ಆ ಸಾಕ್ಷಿಗಳಲ್ಲೊಂದು. ಅಲ್ಲಿ ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಬಲೆ ಬೀಸುವ ಜಾಗಗಳನ್ನೆಲ್ಲ ಹೆಸರಿಟ್ಟು ಪಟ್ಟಿ ಮಾಡಿ ಚೀಟಿ ಎತ್ತುತ್ತಾರೆ. ಇಂದು ನನ್ನದಾದ ಜಾಗ ನಾಳೆ ನೆರೆಯವನದು. ದಿನಕ್ಕೊಂದು ಜಾಗದಂತೆ ಎಲ್ಲರೂ ಸರಿಯುತ್ತ ಹೋಗುತ್ತಾರೆ. ಒಳ್ಳೆಯ ಜಾಗ ಎಲ್ಲರಿಗೂ ಬರುತ್ತದೆ, ಕೆಟ್ಟದ್ದೂ ಬರುತ್ತದೆ. ಮೋಸಮಾಡಿ ಬೇರೆಯವನ ಜಾಗಕ್ಕೆ ಹೋದವನು ಅಂದಿನ ಹಕ್ಕುದಾರನ ಎದುರಿಗೇ ಸಿಕ್ಕಿಬೀಳುತ್ತಾನೆ. ಅಲ್ಲಿ ಕಾವಲುಗಾರ ಬೇಕಾಗಲಿಲ್ಲ, ಸರದಿಯೇ ಕಾವಲಾಯಿತು. ಆ ಕಟ್ಟಳೆಯನ್ನು ಮಾಡಿದವರು ಅದರ ಕೆಳಗೆ ಬಾಳುವವರೇ ಆಗಿದ್ದರು ಎಂಬುದನ್ನೂ ಗಮನಿಸಬೇಕು.

ಇನ್ನು ಕಟ್ಟಳೆಯ ಒಳಗಿರುವ ವಿವೇಕದ ಮಾತು. ಬೈಲಹೊಂಗಲ, ರಾಮದುರ್ಗಗಳ ಕಡೆಯ ಎಷ್ಟೋ ಕೆರೆಗಳು ಬೇಸಗೆಗೆ ಬತ್ತುವ ಕೆರೆಗಳು. ಏಪ್ರಿಲ್ ತಿಂಗಳಲ್ಲಿ ಮೊಳಕಾಲುದ್ದ ನೀರು ಉಳಿದ ಕೆರೆಗೆ ಸಾಹೇಬರು ಬಂದು, “ಯಜಮಾನ, ಮರಿ ಹಿಡೀಬ್ಯಾಡ” ಎಂದರೆ ಅವನು ಏನೆಂದಾನು? “ಸಾಹೇಬ್ರ, ಇನ್ನ ಹದಿನೈದ ದಿನಕ್ಕ ನೀರ ಉಳಿಯೂದಿಲ್ರಿ, ಮರಿ ಎಲ್ಲಿಂದ ಉಳೀತಾವ?” ಎಂದಾನು. ಈ ಪ್ರಶ್ನೆಗೆ ಉತ್ತರವಿಲ್ಲ. ತುಂಬಿದ ಜಲಾಶಯದಲ್ಲಿ ವಿವೇಕವಾದ ಮಾತು ಬತ್ತುವ ಕೆರೆಯಲ್ಲಿ ಅವಿವೇಕವಾಗುತ್ತದೆ. ಒಂದೇ ಅಳತೆಯನ್ನು ಎಲ್ಲ ನೀರಿಗೂ ಹಾಕಿದಾಗ, ನಿಯಮದ ಒಂದು ಕಡೆ ಅರ್ಥವಿಲ್ಲವೆಂದು ಕಂಡವನಿಗೆ ಇನ್ನೊಂದು ಕಡೆಯೂ ಅರ್ಥವಿಲ್ಲವೆಂದೇ ತೋರುತ್ತದೆ. ಕಾಯಿದೆಯ ಮೇಲಿನ ಗೌರವವು ಸವೆಯುವುದು ಹೀಗೆ.

ಬೆಸ್ತರು ಎಲ್ಲ ಕಟ್ಟಳೆಗಳನ್ನೂ ಒಂದೇ ತೆರನಾಗಿ ನೋಡುವುದಿಲ್ಲ ಎಂಬುದನ್ನು ನಾವು ಮರೆಯಬಾರದು. ಮದ್ದು ಸಿಡಿಸುವವನನ್ನು, ನೀರಿಗೆ ವಿಷ ಹಾಕುವವನನ್ನು ಬಲೆಯವರು ತಮ್ಮವನೆಂದು ಒಪ್ಪುವುದಿಲ್ಲ. ಅದು ಕಸುಬಲ್ಲ, ಕೊಲೆ ಎಂಬ ಭಾವನೆ ಅವರಲ್ಲಿ ಕಾಯಿದೆಗಿಂತ ಹಳೆಯದು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವಸ್ಥಾನದ ಮೆಟ್ಟಿಲ ಬಳಿಯ ಮೀನುಗಳು ಭಕ್ತರ ಕೈಯ ಅಕ್ಕಿಯನ್ನು ತಿನ್ನುತ್ತ ನಿರ್ಭಯವಾಗಿ ಬೆಳೆದಿರುವುದಕ್ಕೂ ಕಾರಣ ಪೋಲೀಸರಲ್ಲ. ಕೆಲವು ಕೃತ್ಯಗಳು ತಮ್ಮಷ್ಟಕ್ಕೇ ತಪ್ಪು. ಕೆಲವು ಕೃತ್ಯಗಳು ನಿಯಮವಿರುವುದರಿಂದ ತಪ್ಪು. ಬಲೆಯ ಕಣ್ಣು ಈ ಎರಡನೆಯ ಜಾತಿಗೆ ಸೇರಿದ್ದು. ಒಂದು ನೂಲಿನ ಅಂತರ ಈಚೆಗಾದರೆ ಸಭ್ಯ, ಆಚೆಗಾದರೆ ಅಪರಾಧಿ. ಇಂಥ ಗೆರೆಯನ್ನು ಯಾರ ಹೃದಯವೂ ತಾನಾಗಿ ಎಳೆಯುವುದಿಲ್ಲ, ಒಪ್ಪಂದವೇ ಎಳೆಯಬೇಕು. ಒಪ್ಪಂದವೆಂದ ಮೇಲೆ ಎರಡು ಕಡೆಯವರೂ ಇರಬೇಕು.

ಹಿಂದೆ ಹತ್ತಿ ಅಥವಾ ಸೆಣಬಿನ ನೂಲಿನಿಂದ ಮನೆಯವರೆಲ್ಲ ಕೂತು ಬಲೆ ಹೆಣೆಯುತ್ತಿದ್ದರು. ಕಣ್ಣು ಎಷ್ಟಿರಬೇಕೆಂಬುದು ಹೆಣೆಯುವವನ ಬೆರಳಿನಲ್ಲಿತ್ತು. ಕಣ್ಣು ಕಿರಿದಾದಷ್ಟೂ ಗಂಟು ಹೆಚ್ಚು, ಗಂಟು ಹೆಚ್ಚಾದಷ್ಟೂ ದುಡಿಮೆ ಹೆಚ್ಚು. ಆದುದರಿಂದ ಕಿರುಗಣ್ಣಿನ ದೊಡ್ಡ ಬಲೆ ಸುಲಭಕ್ಕೆ ಹುಟ್ಟುತ್ತಿರಲಿಲ್ಲ. ಬಡತನವೇ ಒಂದು ಬಗೆಯ ಸಂಯಮವಾಗಿತ್ತು. ನೈಲಾನ್ ಬಂದ ಮೇಲೆ ಬಲೆ ಪೇಟೆಯ ಸರಕಾಯಿತು. ಬೇಕಾದ ಕಣ್ಣಿನದು ತೂಕಕ್ಕೆ ಸಿಗುತ್ತದೆ. ಹಗುರ, ಗಟ್ಟಿ, ನೀರಿನಲ್ಲಿ ಕೊಳೆಯದು. ತುಂಗಭದ್ರಾ ಜಲಾಶಯದಲ್ಲಿ ಹೆಸರಾದ ಅಲಿವಿ ಬಲೆಯನ್ನು ನೋಡಿದವರಿಗೆ ಇದರ ಪರಿಣಾಮ ಗೊತ್ತು: ದಂಡೆಗೆ ಎಳೆಯುವ ಆ ಭಾರಿ ಕಿರುಗಣ್ಣಿನ ಬಲೆ ಮರಿಯನ್ನೂ ಬಿಡುವುದಿಲ್ಲ. ಅಂಥ ಬಲೆ ಬಡ ಅಂಬಿಗನೊಬ್ಬನ ಕೈಗೆ ಎಟುಕುವುದಲ್ಲ; ಹಣ ಹೂಡಿದವನೊಬ್ಬನು ಅದರ ಹಿಂದಿರುತ್ತಾನೆ. ಕಾಯಿದೆಯ ಕಣ್ಣು ಅವನ ಮೇಲೆ ಬೀಳುವುದಕ್ಕೆ ಮೊದಲು ಹರಿಗೋಲಿನವನ ಮೇಲೆ ಬೀಳುತ್ತದೆ. ಬಲೆಯ ಕಣ್ಣು ಕಿರಿದಾದರೆ ಸಣ್ಣ ಮೀನು ಸಿಕ್ಕುತ್ತದೆ ಸರಿ; ಕಾಯಿದೆಯ ಕಣ್ಣಿಗೆ ಮಾತ್ರ ಸಣ್ಣವನೇ ಸಿಕ್ಕಿ ದೊಡ್ಡವನು ಪಾರಾದರೆ ಅದು ಮತ್ಸ್ಯನ್ಯಾಯವನ್ನು ತಡೆದಂತಾಯಿತೆ?

ಇನ್ನೊಂದು ಮಾತಿದೆ: ನಾಳೆ ಯಾರದು? ಇಂದು ಮರಿಯನ್ನು ಬಿಡುವುದೆಂದರೆ ನಾಳೆಯನ್ನು ನಂಬುವುದು. ಕೆರೆಯ ಗುತ್ತಿಗೆ ಇನ್ನೊಂದು ವರ್ಷದಲ್ಲಿ ಮುಗಿದು ಹರಾಜಿನಲ್ಲಿ ಬೇರೆಯವನಿಗೆ ಹೋಗುವುದಿದ್ದರೆ ಇವನಿಗೆ ನಾಳೆಯೇ ಇಲ್ಲ. ಬಲೆ ಕೊಳ್ಳಲು ಮುಂಗಡ ಕೊಟ್ಟ ದಲಾಲಿ ವಾರದ ಕೊನೆಗೆ ಬಾಗಿಲಲ್ಲಿ ನಿಲ್ಲುವುದಿದ್ದರೆ ಅವನ ನಾಳೆ ಶನಿವಾರಕ್ಕೇ ಮುಗಿಯಿತು. ತಿಂಗಳ ಮೊದಲ ತಾರೀಖಿಗೆ ಸಂಬಳ ಎಣಿಸುವ ನಮಗೆ ಮುಂದಾಲೋಚನೆ ಸದ್ಗುಣವೆಂದು ತೋರುತ್ತದೆ. ನಿಜವಾಗಿ ಅದು ಬಹುಮಟ್ಟಿಗೆ ಅನುಕೂಲ.

ಇಷ್ಟು ಹೇಳಿದ ಮೇಲೆ ಮೂಲ ಪ್ರಶ್ನೆಗೆ ಬರಬೇಕು: ಕಾಯಿದೆಗೆ ತಲೆಬಾಗುವ ಋಣ ಎಲ್ಲಿಂದ ಬರುತ್ತದೆ? ಸೆರೆಮನೆಯಿಂದ ತಪ್ಪಿಸಿಕೊಂಡು ಹೋಗೆಂದು ಗೆಳೆಯ ಕ್ರಿಟೋ ಒತ್ತಾಯಿಸಿದಾಗ ಸಾಕ್ರಟೀಸನು ಒಪ್ಪಲಿಲ್ಲ. ಅಥೆನ್ಸಿನ ಕಾಯಿದೆಗಳು ತನ್ನನ್ನು ತಂದೆತಾಯಿಗಳಂತೆ ಸಾಕಿದವು, ಅವುಗಳ ನೆರಳಿನಲ್ಲಿ ಎಪ್ಪತ್ತು ವರ್ಷ ಬಾಳಿ ಈಗ ಅವನ್ನು ಮುರಿಯಲಾರೆ ಎಂಬುದು ಅವನ ವಾದ. ಉದಾತ್ತವಾದ ವಾದ. ಆದರೆ ಅಣೆಕಟ್ಟು ಕಟ್ಟುವಾಗ ಕೇಳದ, ತೂಬು ತೆರೆಯುವಾಗ ಕೇಳದ ಕಾಯಿದೆಯು ಬಲೆ ಅಳೆಯುವ ದಿನ ಮಾತ್ರ ದಂಡೆಗೆ ಬಂದರೆ ಅದನ್ನು ತಾಯಿತಂದೆಯೆಂದು ಅಂಬಿಗನು ಹೇಗೆ ಕರೆದಾನು? ಸಹಕಾರ ಸಂಘ, ಬಲೆಗೆ ಸಹಾಯಧನ, ಅಪಘಾತದ ವಿಮೆ ಇವೆಲ್ಲ ಸರಕಾರದಿಂದ ಬಂದಿಲ್ಲವೆಂದಲ್ಲ. ಬಂದಷ್ಟು ಮಟ್ಟಿಗೆ ಋಣವೂ ಹುಟ್ಟಿದೆ. ಋಣ ಕೊಟ್ಟಷ್ಟೇ ಹುಟ್ಟುತ್ತದೆ.

ಚೀನದ ಮೆನ್ಸಿಯಸ್ ಎಂಬ ಋಷಿಸಮಾನನು ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಲಿಯಾಂಗಿನ ಹ್ವಿ ರಾಜನಿಗೆ ಬುದ್ಧಿ ಹೇಳುವಾಗ ಇದೇ ಬಲೆಯ ಮಾತನ್ನೆತ್ತಿದ್ದಾನೆ. ಒತ್ತುಗಣ್ಣಿನ ಬಲೆಯನ್ನು ಮಡುವಿಗೆ ಇಳಿಸದಿದ್ದರೆ ಮೀನು ತಿಂದು ತೀರದಷ್ಟು ಇರುತ್ತದೆ ಎಂಬುದು ಅವನ ಅಭಿಪ್ರಾಯ. ಆದರೆ ಅದಕ್ಕೂ ಮೊದಲು ಅವನು ರಾಜನಿಗೆ ಹೇಳುವುದು, ಬಿತ್ತನೆಯ ಕಾಲದಲ್ಲಿ ರೈತರನ್ನು ಬಿಟ್ಟಿ ದುಡಿಮೆಗೆ ಎಳೆಯಬೇಡ ಎಂದು. ಕೊನೆಗೆ ಹೇಳುವುದು, ಜನರು ಬದುಕಿದವರನ್ನು ಸಾಕಿ ಸತ್ತವರನ್ನು ಕಳಿಸುವುದರಲ್ಲಿ ಕೊರಗದಂತೆ ನೋಡಿಕೊಳ್ಳುವುದೇ ರಾಜಧರ್ಮದ ಮೊದಲ ಮೆಟ್ಟಿಲು ಎಂದು. ಬಲೆಯ ಕಟ್ಟಳೆಯನ್ನು ಅವನು ಬೆಸ್ತನಿಗೆ ಬೋಧಿಸಲಿಲ್ಲ. ರಾಜನ ಕರ್ತವ್ಯಗಳ ಸಾಲಿನಲ್ಲಿಟ್ಟು ರಾಜನಿಗೆ ಬೋಧಿಸಿದನು.

ಹಾಗಾದರೆ ಬೆಸ್ತನು ಮೀರಿದ್ದೇ ಸರಿಯೆ? ಹೀಗೆ ಕೇಳುವ ಓದುಗರಿಗೆ ಉತ್ತರ ಹೇಳಬೇಕಾದದ್ದು ನ್ಯಾಯ. ಈ ಸೀಮೆಯೇನೋ ಕಟ್ಟಳೆಯನ್ನು ಧಿಕ್ಕರಿಸಿದವರನ್ನು ಪೂಜಿಸುವ ಸೀಮೆ. ದತ್ತಕವನ್ನು ಒಪ್ಪದ ಕಂಪನಿ ಸರಕಾರದ ಆಜ್ಞೆಯನ್ನು ಕಿತ್ತೂರಿನ ಚೆನ್ನಮ್ಮ 1824ರಲ್ಲಿ ಧಿಕ್ಕರಿಸಿದಳು. ಸೆರೆಯಲ್ಲಿದ್ದು 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ಅವಳ ಸಮಾಧಿ ಅಲ್ಲಿದೆ. 1939ರಲ್ಲಿ ರಾಮದುರ್ಗ ಸಂಸ್ಥಾನದ ಪ್ರಜೆಗಳು ಅರಸೊತ್ತಿಗೆಯ ವಿರುದ್ಧ ಎದ್ದರು. 1980ರಲ್ಲಿ ಇದೇ ಮಲಪ್ರಭೆಯ ಅಚ್ಚುಕಟ್ಟಿನ ರೈತರು, ನೀರು ಸರಿಯಾಗಿ ಬಾರದ ಹೊಲಕ್ಕೆ ಅಭಿವೃದ್ಧಿ ಕರವನ್ನು ಕೊಡಲೊಲ್ಲೆವೆಂದರು. ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಾಗಿ ಜೀವಗಳು ಹೋದವು. ಇವರೆಲ್ಲರೂ ಹಗಲಿನಲ್ಲಿ, ಎದುರಿಗೆ ನಿಂತು, ಬೆಲೆ ತೆತ್ತು ಇಲ್ಲ ಎಂದವರು. ರಾತ್ರಿ ಕಿರುಗಣ್ಣಿನ ಬಲೆ ಇಳಿಸುವವನು ಇಲ್ಲ ಎನ್ನುವುದಿಲ್ಲ. ಹೂಂ ಎಂದು ಹೇಳಿ ಬೇರೆ ಮಾಡುತ್ತಾನೆ. ಪ್ರತಿಭಟನೆಯು ಕಟ್ಟಳೆಯನ್ನು ತಿದ್ದಲು ನೋಡುತ್ತದೆ. ನುಣುಚಿಕೆಯು ಕಟ್ಟಳೆ ಹಾಗೆಯೇ ಇರಲಿ, ಉಳಿದವರು ಅದನ್ನು ಪಾಲಿಸಲಿ, ನನಗೊಬ್ಬನಿಗೆ ವಿನಾಯಿತಿ ಇರಲಿ ಎನ್ನುತ್ತದೆ. ಇವೆರಡನ್ನೂ ಒಂದೇ ಎಂದರೆ ಚೆನ್ನಮ್ಮನಿಗೂ ಅವಮಾನ, ಸತ್ಯಕ್ಕೂ ಅವಮಾನ.

ಹೊಟ್ಟೆಯ ಬೇಗೆಯನ್ನು ಮುಂದಿಟ್ಟರೂ ಈ ಅಂತರ ಅಳಿಯುವುದಿಲ್ಲ. ಏಕೆಂದರೆ ಮರಿಮೀನು ಬಾಚಿದಾಗ ನಷ್ಟವಾಗುವುದು ಇಲಾಖೆಯ ಸಾಹೇಬರಿಗಲ್ಲ. ಅವರ ಸಂಬಳ ನಿಲ್ಲುವುದಿಲ್ಲ. ನಷ್ಟವಾಗುವುದು ಪಕ್ಕದ ಹರಿಗೋಲಿನವನಿಗೆ, ಅವನೂ ಬಡವನೇ. ಹಾಗೂ ಇಬ್ಬರ ಮಕ್ಕಳಿಗೆ. ಬಡವನು ಸಿರಿವಂತನ ಕಾಯಿದೆಯನ್ನು ಮುರಿದನೆಂದು ನಾವು ಕನಿಕರದಿಂದ ನೋಡುತ್ತಿರುವಾಗ ನಿಜಕ್ಕೂ ನಡೆಯುತ್ತಿರುವುದು ಒಬ್ಬ ಬಡವನು ಇನ್ನೊಬ್ಬ ಬಡವನ ಬುತ್ತಿಗೆ ಕೈ ಹಾಕುವುದು. ಆದುದರಿಂದ ಕಟ್ಟಳೆಯ ಋಣವು ಸರಕಾರಕ್ಕೆ ಸಲ್ಲುವುದಕ್ಕಿಂತ ಹೆಚ್ಚಾಗಿ ನೆರೆಯವನಿಗೆ ಸಲ್ಲತಕ್ಕದ್ದು. ಸರಕಾರ ತಪ್ಪಿದರೆ ಸರಕಾರದ ಮೇಲಿನ ಋಣ ಕಡಿಮೆಯಾಗಬಹುದು; ನೆರೆಯವನ ಮೇಲಿನದು ಕಡಿಮೆಯಾಗುವುದಿಲ್ಲ. ಅಂಬಿಗರ ಚೌಡಯ್ಯನು ಕಸುಬಿನಿಂದ ದೋಣಿ ನಡೆಸುವವನು. ದೋಣಿಗೆ ಹತ್ತಿದ ಮೇಲೆ ಒಬ್ಬನು ತನ್ನ ಕಾಲಡಿಯ ಹಲಗೆಯಷ್ಟನ್ನೇ ಕೊರೆದುಕೊಳ್ಳುತ್ತೇನೆ ಎಂದರೆ ಆಗುವುದಿಲ್ಲವೆಂಬುದು ಆ ಕಸುಬಿನವರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ.

ಆದರೆ ಈ ಋಣ ಕಾಣುವಂತಿರಬೇಕು. ನೆರೆಯವನಿಗೆ ಕೊಟ್ಟ ಮಾತೆಂದು ತೋರಬೇಕಾದ ಕಟ್ಟಳೆ ಬೆಂಗಳೂರಿನಿಂದ ಬಂದ ಕಾಗದವಾಗಿ ತೋರಿದರೆ ಅದು ನೆರೆಯವನನ್ನು ಮರೆಸುತ್ತದೆ. ಸಾಹೇಬರೊಬ್ಬರನ್ನೇ ಮುಂದೆ ನಿಲ್ಲಿಸುತ್ತದೆ. ಸಾಹೇಬರ ಕಣ್ಣು ತಪ್ಪಿಸುವುದು ಜಾಣತನವೆನಿಸುತ್ತದೆ. ಜೊತೆಗಾರನ ಕಣ್ಣು ತಪ್ಪಿಸುವುದು ನಾಚಿಕೆಯೆನಿಸುತ್ತದೆ. ಯಾವ ನೀರಿಗೆ ಯಾವ ಕಣ್ಣು, ಯಾವ ಮಡುವನ್ನು ಯಾವ ತಿಂಗಳು ಮುಟ್ಟಬಾರದು, ಬತ್ತುವ ಕೆರೆಗೆ ಏನು, ತುಂಬಿದ ಸಾಗರಕ್ಕೆ ಏನು ಎಂಬುದನ್ನು ಮುನವಳ್ಳಿಯ ದಂಡೆಯವರೂ ಕೂತು ಗೊತ್ತುಮಾಡಿದರೆ, ಗುತ್ತಿಗೆಯ ಅವಧಿ ಮರಿ ಬೆಳೆದು ಮೀನಾಗುವಷ್ಟಾದರೂ ಉದ್ದವಿದ್ದರೆ, ಅಲಿವಿಯ ಒಡೆಯನಿಗೂ ಹರಿಗೋಲಿನವನಿಗೂ ಒಂದೇ ಅಳತೆಗೋಲು ಹಿಡಿದರೆ, ಕಾವಲಿಗೆ ಇಷ್ಟು ಜನ ಸಾಲದೆಂಬ ದೂರು ಅರ್ಧಕ್ಕರ್ಧ ಕಡಿಮೆಯಾದೀತು. ಪೂರ್ತಿ ಹೋಗುವುದಿಲ್ಲ. ದಂಡವೇ ಬೇಡದ ರಾಜ್ಯವನ್ನು ಶಾಂತಿಪರ್ವವೂ ಕೃತಯುಗಕ್ಕೇ ಬಿಟ್ಟುಕೊಟ್ಟಿದೆ.

ಇನ್ನು ನಮ್ಮ ಪಾಲು. ಪೇಟೆಯಲ್ಲಿ ಬೆರಳುದ್ದದ ಕಾಟ್ಲಾ ಮರಿಗಳನ್ನು ಅಗ್ಗವೆಂದು ಕೊಳ್ಳುವ ಕೈ ಬೆಸ್ತನದಲ್ಲ. ಮೀನು ತಿನ್ನದವರು ಇದರಿಂದ ತಾವು ಪಾರಾದೆವೆಂದು ತಿಳಿಯಬೇಕಾಗಿಲ್ಲ. ಮನೆಯ ನಕ್ಷೆಯಲ್ಲಿ ಬಿಟ್ಟು ತೋರಿಸಿದ ಜಾಗಕ್ಕೆ ಗೋಡೆ ಏರಿಸುವುದು, ರಶೀದಿ ಬೇಡವೆಂದು ನಾಲ್ಕು ಕಾಸು ಉಳಿಸುವುದು, ಕೊಳವೆಬಾವಿಯನ್ನು ನೆರೆಯವನಿಗಿಂತ ನೂರಡಿ ಆಳಕ್ಕೆ ಕೊರೆಸುವುದು, ಇವೆಲ್ಲವೂ ಕಿರುಗಣ್ಣಿನ ಬಲೆಗಳೇ. ಎಲ್ಲರೂ ಮಾಡುತ್ತಾರೆ, ನಾನೊಬ್ಬ ಬಿಟ್ಟರೇನಾಯಿತು ಎಂಬ ಮಾತನ್ನು ನಾವು ಬೆಸ್ತನಿಗಿಂತ ಶುದ್ಧವಾದ ಭಾಷೆಯಲ್ಲಿ ಆಡುತ್ತೇವೆ, ವ್ಯತ್ಯಾಸ ಇಷ್ಟೇ. ಅವನಿಗಾದರೋ ಹೇಳಿಕೊಳ್ಳಲು ಹಸಿವೆಂಬುದೊಂದು ಕಾರಣವಿದೆ. ನಮಗೆ ಅದೂ ಇಲ್ಲ.